ಮಾಟುಂಗಾದ ಬಾಳೆಲೆ ಊಟ
ಹೋದ ವರ್ಷ ನಾನಿದ್ದ ಆಫೀಸಿನಲ್ಲಿ ಊಟ ಅಂದರೆ ಕೀಬೋರ್ಡ್ ಪಕ್ಕದ ಡಬ್ಬಿ. ಎದೆಯುರಿ, ನಿದ್ದೆ ಇಲ್ಲ, ಮನೆಗೆ ಬಂದರೆ ಸುಮ್ನೆ ಮಗಳ ಮೇಲೆ ರೇಗಾಟ. ಆಗಲೇ ಶನಿವಾರ ಮಧ್ಯಾಹ್ನ ಮುಂಬೈನ ಮಾಟುಂಗಾ ಸ್ಟೇಷನ್ ಹತ್ತಿರದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋಗಲು ಶುರು ಮಾಡಿದೆ. 1942ರಿಂದ ನಡೆಯುತ್ತಿರುವ ಜಾಗ. ಕ್ಯೂ ಜಾಸ್ತಿ, ಕಾಯಬೇಕು. ಆದರೆ ಎಲೆ ಮುಂದೆ ಕೂತ ಮೇಲೆ, ಪಲ್ಯ ಮುಗಿದದ್ದನ್ನು ನಾನು ಕೇಳುವ ಮೊದಲೇ ನೋಡಿ, ಇನ್ನೊಂದು ಸೌಟು ಬಡಿಸಿ, ಬಿಸಿ ಸಾರು ಅನ್ನದ ಗುಂಡಿಗೇ ಸರಿಯಾಗಿ ಸುರಿದು, "ನಿಧಾನ ಊಟ ಮಾಡಿ" ಅಂದರು ಬಡಿಸುತ್ತಿದ್ದ ಹಿರಿಯರು. ತಮ್ಮ ಕೆಲಸವನ್ನು ಇಷ್ಟಪಟ್ಟು ಮಾಡುವವರ ಮುಖ ನೋಡಿ ಎಷ್ಟು ದಿನ ಆಗಿತ್ತು! ಮೂರು ತಿಂಗಳಲ್ಲಿ ನಾನು ಆ ಕೆಲಸ ಬಿಟ್ಟೆ. ಸಂಬಳ ಕಡಿಮೆ ಆಯಿತು, ನಿದ್ದೆ ವಾಪಸ್ ಬಂತು. ನೀವು ಅಲ್ಲಿಗೆ ಹೋದರೆ ಸಾರು ಮಾತ್ರ ಎರಡು ಸಲ ಹಾಕಿಸಿಕೊಳ್ಳಿ.