ಪ್ರೋಟಾನಾ, ಸೀಸವಾ? ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ

ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿರುವ ತಮ್ಮ ಮೊನ್ನೆ ಕೇಳಿದ: ಪ್ರಾಜೆಕ್ಟಿಗೆ ಪ್ರೋಟಾನ್ ಡಿಕ್ಕಿ ತಗೊಳ್ಳಲಾ, ಭಾರ ಅಯಾನ್ (ಸೀಸದಂಥ ಭಾರದ ನ್ಯೂಕ್ಲಿಯಸ್) ಡಿಕ್ಕಿ ತಗೊಳ್ಳಲಾ?

ಪ್ರೋಟಾನ್-ಪ್ರೋಟಾನ್ ಡಿಕ್ಕಿ ಅಂದ್ರೆ ದೇವರಾಜ ಮಾರ್ಕೆಟ್ಟಿನ ಸೋಮವಾರದ ಬೆಳಗ್ಗೆ ಇದ್ದಂತೆ, ಯಾರು ಎಲ್ಲಿಂದ ಬಂದರು ಅಂತ ಸುಮಾರಾಗಿ ಗೊತ್ತಾಗುತ್ತದೆ. ಕಣಗಳನ್ನು ಡಿಕ್ಕಿ ಹೊಡೆಸುವ ಸರ್ನ್‌ನ ದೊಡ್ಡ ಯಂತ್ರ ಎಲ್‌ಎಚ್‌ಸಿಯಲ್ಲಿ ವರ್ಷದ ಬಹುಪಾಲು ಇದೇ ನಡೆಯುತ್ತದೆ, ಹಾಗಾಗಿ ಡೇಟಾ ರಾಶಿ ಬಿದ್ದಿದೆ. ಅಪರೂಪದ ಕಣ ಹುಡುಕಬೇಕಾ, ಇದೇ ಸರಿ.

ಸೀಸ-ಸೀಸ ಡಿಕ್ಕಿ ಜಂಬೂಸವಾರಿಯ ದಿನ. ಒಂದೊಂದು ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿ 208; ನೇರವಾಗಿ ಗುದ್ದಿದರೆ ಸಾವಿರಾರು ಕಣ ಒಟ್ಟಿಗೆ ಹೊರಬರುತ್ತವೆ, ಮತ್ತು ಆ ಒಂದು ಕ್ಷಣ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ (ಪ್ರೋಟಾನ್, ನ್ಯೂಟ್ರಾನ್ ಕರಗಿ ಒಳಗಿನ ಕ್ವಾರ್ಕ್, ಗ್ಲುವಾನ್‌ಗಳು ಬಿಡುಗಡೆಯಾದ ಸ್ಥಿತಿ) ಹುಟ್ಟಿ, ಬಹುತೇಕ ಜಿಗುಟೇ ಇಲ್ಲದ ದ್ರವದಂತೆ ಹರಿಯುತ್ತದೆ. ಅದರೊಳಗೆ ಸಿಕ್ಕಿದ ಜೆಟ್, ಅಂದ್ರೆ ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗೊಂಚಲು, ಶಕ್ತಿ ಕಳೆದುಕೊಂಡು ಸೊರಗಿ ಹೊರಬರುತ್ತದೆ. ಮಜಾ ಇರೋದೇ ಇಲ್ಲಿ! ಆದರೆ ಸಾಮಾನ್ಯವಾಗಿ ವರ್ಷಕ್ಕೆ ತಿಂಗಳಷ್ಟೇ ಈ ಓಟ, ಹಿನ್ನೆಲೆ ಗದ್ದಲ ಕಳೆಯೋದೇ ಅರ್ಧ ಕೆಲಸ.

ಇನ್ನೊಂದು ವಿಷಯ, ಜೆಟ್ ಸೊರಗಿದೆ ಅಂತ ಹೇಳೋಕೂ ಪ್ರೋಟಾನ್ ಡಿಕ್ಕಿಯ ಅಳತೆ ಪಕ್ಕದಲ್ಲಿರಬೇಕು ಅಲ್ವಾ.

ಇಷ್ಟಕ್ಕೂ ಇವೆರಡರ ನಡುವಿನ ಗಡಿ ಅಷ್ಟು ಗಟ್ಟಿಯಿಲ್ಲ. 2017ರಲ್ಲಿ ಎಲ್‌ಎಚ್‌ಸಿಯ ಆಲಿಸ್ ಪ್ರಯೋಗದ ತಂಡ, ಕಣ ಜಾಸ್ತಿ ಹುಟ್ಟಿದ ಪ್ರೋಟಾನ್ ಡಿಕ್ಕಿಗಳಲ್ಲೂ ಸ್ಟ್ರೇಂಜ್ ಕಣಗಳ (ಸ್ಟ್ರೇಂಜ್ ಅನ್ನೋ ಬಗೆಯ ಕ್ವಾರ್ಕ್ ಇರುವ ಕಣಗಳ) ಪಾಲು ಏರುತ್ತದೆ ಅಂತ ತೋರಿಸಿತು. ಮೊದಲು ಅದನ್ನು ಪ್ಲಾಸ್ಮಾದ ಗುರುತು ಅಂತಿದ್ದರು.

ನಾಲ್ಕು ತಿಂಗಳಷ್ಟೇ ಇದ್ದರೆ ಪ್ರೋಟಾನ್ ತಗೊಂಡು ಕಣಗಳ ಸಂಖ್ಯೆ ಎಣಿಸು ಅಂದೆ. ಪಿಎಚ್‌ಡಿ ಆಸೆಯಿದ್ದರೆ ಸೀಸ. ಅವನಿಗೆ ಸೀಸವೇ ಬೇಕಂತೆ.