ಆಪರೇಷನ್ ಆದ ಬೆಕ್ಕಿನಮರಿಯನ್ನು ‘ಪ್ಯಾಕೇಜ್’ ನಂಬಿ ಬಿಟ್ಟು ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಅದಕ್ಕೇ ಇಷ್ಟು ದಿನ ಬರೆಯದೆ ಸುಮ್ನೆ ಇದ್ದೆ. ನಾಚಿಕೆ. ಆದರೆ ಮೊನ್ನೆ ಹಾಲಿನ ಬೂತ್ ಹತ್ತಿರ ನಮ್ಮ ಬೀದಿಯವರೇ ಒಬ್ಬರು ಹಿಡಿದು ನಿಲ್ಲಿಸಿ, “ಆ ಕ್ಲಿನಿಕ್ ಹೇಗಿದೆ ಸರ್, ನಮ್ಮ ಬೆಕ್ಕಿಗೂ ಮಾಡಿಸ್ಬೇಕು, ನೀವು ಐದು ಸ್ಟಾರ್ ಕೊಟ್ಟಿದ್ರಲ್ಲ” ಅಂದರು. ಹೌದು, ಐದು ಸ್ಟಾರ್ ಕೊಟ್ಟಿದ್ದು ನಾನೇ. ಅದನ್ನು ಇನ್ನೂ ತೆಗೆದೂ ಇರಲಿಲ್ಲ. ಭೂಮಿ ಬಾಯಿಬಿಡಬಾರದಾ ಅನ್ನಿಸಿತು.

ನಮ್ಮ ಜೀರಿಗೆಗೆ ಐದೂವರೆ ತಿಂಗಳು. ಬೆಂಗಳೂರಿನ ಶ್ರೀನಗರದ ನಮ್ಮ ಮನೆ ಕೆಳಗೆ ನಿಲ್ಲಿಸಿದ್ದ ಸ್ಕೂಟರ್ ಅಡಿಯಲ್ಲಿ ಸಿಕ್ಕ ಮರಿ. ಮೈಮೇಲೆ ಜೀರಿಗೆ ಚೆಲ್ಲಿದ ಹಾಗೆ ಗೆರೆ, ಅದಕ್ಕೆ ಆ ಹೆಸರು. ಒಂದು ಸಲ ಹೀಟ್‌ಗೆ (ಬೆದೆಗೆ) ಬಂದು ಆರು ರಾತ್ರಿ ಕೂಗಿ ಇಡೀ ಬಿಲ್ಡಿಂಗ್ ಎಬ್ಬಿಸಿದ ಮೇಲೆ ಸ್ಪೇ, ಅಂದರೆ ಮರಿ ಆಗದ ಹಾಗೆ ಮಾಡೋ ಆಪರೇಷನ್, ಮಾಡಿಸೋಣ ಅಂತ ನಿರ್ಧಾರ ಮಾಡಿದೆವು. ಪಕ್ಕದ ಮನೆ ಆಂಟಿ “ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋಗಪ್ಪ, ಅಲ್ಲಿ ದೊಡ್ಡ ಡಾಕ್ಟರುಗಳು ಇರ್ತಾರೆ” ಅಂತ ಎರಡು ಸಲ ಹೇಳಿದರು. ನಾನು ಕೇಳಲಿಲ್ಲ. ಶ್ರೀನಗರದಿಂದ ಹೆಬ್ಬಾಳಕ್ಕೆ, ಆ ಟ್ರಾಫಿಕ್ಕಿನಲ್ಲಿ, ಬುಟ್ಟಿಯಲ್ಲಿ ಕೂಗೋ ಬೆಕ್ಕು ಇಟ್ಟುಕೊಂಡು! ಮನೆಯಿಂದ ಎರಡು ಕಿಲೋಮೀಟರಿನಲ್ಲೇ ಗಾಜಿನ ಬಾಗಿಲು, ಎಸಿ, ಗೋಡೆ ಮೇಲೆ ನಾಯಿಪಾದದ ಚಿತ್ರ ಇರೋ ಕ್ಲಿನಿಕ್ ಇತ್ತು. ಹೆಸರು ಹಾಕಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ಅದೇ ವಾರ ಅರಸೀಕೆರೆಯಲ್ಲಿ ಸೋದರಮಾವನ ಮಗಳ ಮದುವೆ. ಐದು ದಿನ ಮನೆಯಲ್ಲಿ ಯಾರೂ ಇರಲ್ಲ. ಕ್ಲಿನಿಕ್ಕಿನವರು ಹೇಳಿದ್ದು ಕಿವಿಗೆ ಜೇನು ಸುರಿದ ಹಾಗಿತ್ತು: “ಸರ್, ಆಪರೇಷನ್ ಪ್ಲಸ್ ಐದು ದಿನದ ಆರೈಕೆ, ಎಲ್ಲಾ ಸೇರಿ ಒಂಬತ್ತೂವರೆ ಸಾವಿರ. ದಿನಕ್ಕೆ ಎರಡು ಸಲ ಗಾಯ ಚೆಕ್ ಮಾಡ್ತೀವಿ, ಔಷಧಿ ಕೊಡ್ತೀವಿ, ದಿನಾ ಬೆಳಗ್ಗೆ ಫೋಟೋ ಕಳಿಸ್ತೀವಿ. 24 ಗಂಟೆ ಸ್ಟಾಫ್ ಇರ್ತಾರೆ.” ಒಂದೇ ಏಟಿಗೆ ಎರಡು ಕೆಲಸ ಆಯ್ತು ಅಂದುಕೊಂಡು ಪೂರ್ತಿ ದುಡ್ಡು ಮುಂಚೆನೇ ಫೋನ್‌ಪೇ ಮಾಡಿದೆ. ಪೂರ್ತಿ. ಮುಂಚೆನೇ. ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟು ಬಿಚ್ಚಿ ನೋಡಿ ತಗೊಳ್ಳೋ ಮನುಷ್ಯ ನಾನು.

ಶನಿವಾರ ಬೆಳಗ್ಗೆ ಬಿಟ್ಟೆ. ಸಂಜೆ ಹೋದಾಗ ಗಾಜಿನ ಆಚೆಯಿಂದ ತೋರಿಸಿದರು. ಹಳದಿ ಟವೆಲ್ ಮೇಲೆ ಮಲಗಿದ್ದಳು, ಅರ್ಧ ಮತ್ತಿನಲ್ಲಿ, ಗಾಯ ನೆಕ್ಕದ ಹಾಗೆ ಕತ್ತಿಗೆ ಪ್ಲಾಸ್ಟಿಕ್ ಕೋನ್, ಮುಂದಿನ ಎಡಗಾಲಿಗೆ ಡ್ರಿಪ್ ಸೂಜಿ ಹಾಕಿ ನೀಲಿ ಟೇಪ್ ಸುತ್ತಿದ್ದರು. ಭಾನುವಾರ ಬೆಳಗ್ಗೆ ರೈಲು ಹತ್ತಿದೆವು.

ಭಾನುವಾರ ಹತ್ತು ಗಂಟೆಗೆ ಫೋಟೋ ಬಂತು. ‘ಜೀರಿಗೆ ಆರಾಮಾಗಿದ್ದಾಳೆ, ಚೆನ್ನಾಗಿ ಊಟ ಮಾಡಿದಳು’. ಸೋಮವಾರವೂ ಬಂತು, ಜೊತೆಗೆ ಗೂಗಲ್ ರಿವ್ಯೂ ಲಿಂಕು. ಚಪ್ಪರದ ಕೆಳಗೆ ಕೂತು, ಹೋಳಿಗೆ ತಿನ್ನುತ್ತಾ, ಐದು ಸ್ಟಾರ್ ಒತ್ತಿ ‘ಮನೆಯವರಂತೆ ನೋಡಿಕೊಳ್ಳುತ್ತಾರೆ’ ಅಂತ ಬೇರೆ ಬರೆದೆ. ಸಿಕ್ಕಿದವರಿಗೆಲ್ಲ ಫೋಟೋ ತೋರಿಸಿದೆ. ನೋಡಿ, ಬೆಂಗಳೂರಲ್ಲಿ ಬೆಕ್ಕಿಗೂ ಇಂಥ ವ್ಯವಸ್ಥೆ ಇದೆ ಅಂತ ಜಂಬ.

ಮಂಗಳವಾರ ಸಂಜೆ ಅತ್ತಿಗೆಗೆ ತೋರಿಸಿದೆ. ಅವರು ಹಾಸನದಲ್ಲಿ ಸ್ಟಾಫ್ ನರ್ಸ್. ಮೂರು ಫೋಟೋನೂ ಹಿಂದೆ ಮುಂದೆ ಸರಿಸಿ ನೋಡಿದರು. ನಗಲಿಲ್ಲ. “ಅಲ್ಲಪ್ಪಾ, ಮೂರು ದಿನ ಆದ್ರೂ ಸೂಜಿ ಯಾಕೆ ತೆಗೆದಿಲ್ಲ? ಅದೂ ಭಾನುವಾರ ಎಡಗಾಲಲ್ಲಿದೆ, ಸೋಮವಾರ ಬಲಗಾಲಿಗೆ ಬಂತು, ಇವತ್ತು ಮತ್ತೆ ಎಡಗಾಲು?”

ಫೋನ್ ಕಿತ್ಕೊಂಡು ದೊಡ್ಡದು ಮಾಡಿ ನೋಡಿದೆ. ಬಟ್ಟಲಲ್ಲಿ ಮೂರು ಕಾಳು ಊಟ. ಮೂರು ಫೋಟೋದಲ್ಲೂ ಮೂರೇ ಕಾಳು, ಅದೇ ಜಾಗದಲ್ಲಿ. ಟವೆಲ್ ಮೂಲೆ ಮಡಚಿದ್ದೂ ಹಾಗೇ. ಸೋಮವಾರದ್ದನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿದ್ದರು, ಮಂಗಳವಾರದ್ದನ್ನು ಸ್ವಲ್ಪ ಕತ್ತರಿಸಿ ಬೆಳಕು ಜಾಸ್ತಿ ಮಾಡಿದ್ದರು. ಒಂದೇ ಫೋಟೋ. ಶನಿವಾರ ಸಂಜೆ ನಾನೇ ಗಾಜಿನಾಚೆಯಿಂದ ನೋಡಿದ ಅದೇ ಟವೆಲ್, ಅದೇ ಭಂಗಿ. ಮೂರು ದಿನದಿಂದ ನನ್ನ ಬೆಕ್ಕು ಹೇಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ, ಆದರೆ ನಾನು ಐದು ಸ್ಟಾರ್ ಕೊಟ್ಟಿದ್ದೆ. ವಾಲಗ ಜೋರಾಗಿ ಊದುತ್ತಿದ್ದರು, ನನಗೆ ಒಂದೂ ಕೇಳಿಸುತ್ತಿರಲಿಲ್ಲ.

ಫೋನ್ ಮಾಡಿದೆ. ಇನ್ನು ಅವರ ಉತ್ತರಗಳನ್ನು ಕೇಳಿ.

ಮೊದಲು: “ನೆಟ್‌ವರ್ಕ್ ಪ್ರಾಬ್ಲಂ ಇರ್ಬೇಕು ಸರ್, ಹಳೇ ಫೋಟೋ ಹೋಗಿರುತ್ತೆ.” ಸರಿ, ಈಗ ವೀಡಿಯೋ ಕಾಲ್ ಮಾಡಿ ಅಂದೆ. “ಬೆಕ್ಕು ಮಲಗಿದೆ ಸರ್, ಡಿಸ್ಟರ್ಬ್ ಮಾಡಬಾರ್ದು.” ಡಾಕ್ಟರಿಗೆ ಕೊಡಿ ಅಂದೆ. “ಡಾಕ್ಟರ್ ಶನಿವಾರ ಬರ್ತಾರೆ.” ಅಂದರೆ ಶನಿವಾರ ಕುಯ್ದು ಹೋದವರು ಮುಂದಿನ ಶನಿವಾರವೇ ಬರೋದು! ಹಾಗಾದರೆ ಗಾಯ ಚೆಕ್ ಮಾಡೋದು ಯಾರು? “ನಾವು ಮಾಡ್ತೀವಲ್ಲ ಸರ್.” ನಾವು ಅಂದ್ರೆ? ಫೋನ್ ಕಟ್. ಎಂಟೂವರೆಗೆ ಮತ್ತೆ ಮಾಡಿದರೆ ಎತ್ತಿದ್ದು ವಾಚ್‌ಮನ್. 24 ಗಂಟೆಯ ಸ್ಟಾಫ್ ಅಂದರೆ ಆತನೇ. ಪಾಪ, ಒಬ್ಬನೇ ನಿಜ ಹೇಳಿದವನು ಅವನು: “ಒಳಗಡೆ ಬೀಗ ಹಾಕ್ಕೊಂಡು ಹೋಗಿದ್ದಾರೆ ಸಾರ್, ನನ್ ಹತ್ರ ಕೀ ಇಲ್ಲ. ಬೆಕ್ಕು ಒಂದು ಕೂಗ್ತಾ ಇದೆ.”

ರಾತ್ರಿಯೇ ಸಿಕ್ಕ ರೈಲು ಹತ್ತಿ ಬುಧವಾರ ನಸುಕಿಗೆ ಯಶವಂತಪುರದಲ್ಲಿ ಇಳಿದೆ. ಕ್ಲಿನಿಕ್ ಬಾಗಿಲು ತೆಗೆದಿದ್ದು ಹತ್ತಕ್ಕೆ. ಕೌಂಟರ್ ಹುಡುಗಿ ತಡೆದರೂ ನಿಲ್ಲದೆ ಹಿಂದಿನ ರೂಮಿಗೆ ನುಗ್ಗಿದೆ. ಎಸಿ ಇಲ್ಲ, ಹಳದಿ ಟವೆಲ್ ಇಲ್ಲ. ಬೊಗಳುತ್ತಿದ್ದ ಲ್ಯಾಬ್ರಡಾರ್ ಪಂಜರದ ಕೆಳಗಿನ ಪಂಜರದಲ್ಲಿ, ಒದ್ದೆ ಪೇಪರ್ ಮೇಲೆ, ಮೂಲೆಗೆ ಅಂಟಿಕೊಂಡಿದ್ದಳು. ಕೋನ್ ಹೊರಗೆ ಮೊಳೆಗೆ ನೇತುಹಾಕಿತ್ತು. ಆ ಕೋನ್ ತೆಗೆದು ನೋಡಿದೆ. ಅರ್ಧ ದಿನ ಹಾಕಿದ್ದರೂ ಅದರ ಅಂಚಿಗೆ ಊಟ ಮೆತ್ತಿರುತ್ತೆ, ಜೊಲ್ಲು ಒಣಗಿರುತ್ತೆ. ಇದು ಹೊಳೆಯುತ್ತಿತ್ತು. ಫೋಟೋಗೆ ಅಂತ ಹಾಕಿ ತೆಗೆದಿದ್ದರು ಅಷ್ಟೇ.

ಹೊಟ್ಟೆ ಮೇಲೆ ನಾಲ್ಕು ಹೊಲಿಗೆ ಇರಬೇಕಿತ್ತು, ಎರಡು ಇರಲಿಲ್ಲ. ಅಲ್ಲಿ ಹೆಸರುಕಾಳಿನಷ್ಟು ಬಾಯಿಬಿಟ್ಟು ಕೀವು ಕಾಣುತ್ತಿತ್ತು. ವಾಸನೆ.

“ಬೆಕ್ಕು ಅಂದ್ಮೇಲೆ ನೆಕ್ಕುತ್ತೆ ಸರ್, ನ್ಯಾಚುರಲ್ ಅದು.” ಇದು ಅಲ್ಲಿನ ಮ್ಯಾನೇಜರ್ ಹೇಳಿದ್ದು. ನೆಕ್ಕುತ್ತೆ ಅಂತಲೇ ಅಲ್ವಾ ಸ್ವಾಮಿ ಕೋನ್ ಹಾಕೋದು? “ಕೋನ್ ಹಾಕಿದ್ರೆ ಊಟ ಮಾಡ್ತಿರ್ಲಿಲ್ಲ, ನಿಮ್ ಬೆಕ್ಕಿಗೆ ಕೋಪ ಜಾಸ್ತಿ, ನಮ್ ಹುಡುಗನ್ನ ಪರಚಿದೆ.” ಅಂದರೆ ತಪ್ಪು ಎರಡು ಕಿಲೋ ತೂಗೋ ಬೆಕ್ಕಿನದು! ನೋವಿಗೆ ಏನು ಕೊಟ್ಟಿದ್ದೀರಿ ಅಂತ ಕೇಳಿದೆ. ಚೀಟಿ ಇಲ್ಲ. ಆ ಪರಚಿಸಿಕೊಂಡ ಹುಡುಗ ಸಮಾಧಾನ ಮಾಡುವವನ ಹಾಗೆ, “ಮನೇಲಿ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಇದ್ರೆ ನಾಲ್ಕು ಹನಿ ಹಾಕಿ ಸರ್, ಸರಿಹೋಗುತ್ತೆ” ಅಂದ.

ಈ ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ. ಅಲ್ಲಿಂದ ಮರಿಯನ್ನು ಎತ್ತಿಕೊಂಡು ನೇರ ಹನುಮಂತನಗರದ ಹಳೇ ಡಾಕ್ಟರೊಬ್ಬರ ಹತ್ತಿರ ಓಡಿದೆ. ಸಿರಪ್ ಮಾತು ಹೇಳಿದ ತಕ್ಷಣ ಅವರು ಕೈ ತೊಳೆಯುತ್ತಿದ್ದವರು ನಲ್ಲಿ ಹಾಗೇ ಬಿಟ್ಟು ತಿರುಗಿದರು. “ಕೊಟ್ರಾ?” ಇಲ್ಲ ಅಂದೆ. ಆಮೇಲೆ ನಲ್ಲಿ ನಿಲ್ಲಿಸಿದರು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನು ಕರಗಿಸಿ ಹೊರಗೆ ಹಾಕುವ ಹಾಗೆ ಬೆಕ್ಕಿನ ಲಿವರ್‌ಗೆ ಆಗಲ್ಲ, ರಕ್ತವೇ ಕೆಡುತ್ತೆ, ಆಮ್ಲಜನಕ ಹೊರೋ ಶಕ್ತಿ ಹೋಗುತ್ತೆ. ಸ್ವಲ್ಪ ಕೊಟ್ಟರೂ ಸಾಯಬಹುದು. ಐಬುಪ್ರೊಫೆನ್ನೂ ಅಪಾಯವೇ. ನಮ್ಮ ನೋವಿನ ಮಾತ್ರೆ ಯಾವುದೂ ಬೇಡ, ಡಾಕ್ಟರು ಬೆಕ್ಕಿನ ತೂಕ ನೋಡಿ ಬರೆದಿದ್ದು ಮಾತ್ರ.

ಜ್ವರ 103.6 ಇತ್ತು. ಬೆಕ್ಕಿಗೆ 102.5ರ ತನಕ ಮಾಮೂಲಂತೆ. ಹೊಟ್ಟೆಯ ಒಳಗಿನ ಪದರದ ಹೊಲಿಗೆ ಗಟ್ಟಿಯಾಗಿತ್ತು, ಬಿಟ್ಟಿದ್ದು ಮೇಲಿನ ಚರ್ಮದ್ದು, ಅದು ನಮ್ಮ ಪುಣ್ಯ. ಇಲ್ಲದಿದ್ದರೆ ಕರುಳೇ ಹೊರಗೆ ಬರುತ್ತಿತ್ತು ಅಂದರು. ಬೆಕ್ಕಿನ ನಾಲಿಗೆ ಮುಟ್ಟಿದ್ದೀರಲ್ಲ, ಉಪ್ಪುಕಾಗದದ ಹಾಗೆ, ಅದರ ಮೇಲೆಲ್ಲ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಒಂದು ರಾತ್ರಿ ಸಾಕು ಹೊಲಿಗೆ ಬಿಚ್ಚೋಕೆ. ಇವಳಿಗೆ ನಾಲ್ಕು ರಾತ್ರಿ ಸಿಕ್ಕಿತ್ತು. ಗಾಯ ತೊಳೆದು, ಮತ್ತೆ ಹೊಲಿಗೆ ಹಾಕಿ, ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು 4,200 ಆಯಿತು. ದುಡ್ಡಿಗಿಂತ, ಆ ಮರಿ ಎರಡನೇ ಸಲ ಮತ್ತಿನಿಂದ ಎದ್ದು ನನ್ನ ಮುಖ ನೋಡಿದ್ದು ಮರೆಯೋಕೆ ಆಗ್ತಿಲ್ಲ.

ಆಮೇಲೆ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ, ಅದೇನು ಬ್ರಹ್ಮವಿದ್ಯೆ ಅಲ್ಲ. ಅಮ್ಮ ಮದುವೆ ಮುಗಿಸಿ ಬಂದವಳೇ “ಬಾಣಂತಿ ಕೋಣೆ ಮಾಡು” ಅಂದಳು. ಚಿಕ್ಕ ರೂಮು, ಮಂಚ ಕುರ್ಚಿ ಎಲ್ಲ ಆಚೆ, ಯಾಕಂದ್ರೆ ಹಾರಲೇಬಾರದು. ನೆಲಕ್ಕೆ ಹಳೇ ಕಾಟನ್ ಸೀರೆ ಮಡಚಿ ಹಾಕಿದಳು. ಕಿವಿಗೆ ಬಟ್ಟೆ ಕಟ್ಟೋಕೂ ಹೋಗಿದ್ದಳು, ತಡೆದೆ. ಡೆಟಾಲ್ ಹಚ್ಚೋಕೆ ಹೋಗಿದ್ದನ್ನೂ ತಡೆದೆ, ಬೆಕ್ಕು ಅದನ್ನು ನೆಕ್ಕಿದರೆ ಅಪಾಯ. ಮರಳು ಗಾಯಕ್ಕೆ ಅಂಟುತ್ತೆ ಅಂತ ಕಕ್ಕಸಿನ ಟ್ರೇಗೆ ಪೇಪರ್ ಹರಿದು ಹಾಕಿದೆವು. ಕೋನ್ ಹತ್ತರಿಂದ ಹದಿನಾಲ್ಕು ದಿನ, ಊಟದ ಹೊತ್ತಲ್ಲಿ ಪಕ್ಕದಲ್ಲಿ ಕೂತು ತೆಗೆಯೋದು, ಮುಗಿದ ತಕ್ಷಣ ಹಾಕೋದು. ನನ್ನ ಹಳೇ ಟೀಶರ್ಟಿನ ತೋಳು ಕತ್ತರಿಸಿ ನಾಲ್ಕು ತೂತು ಮಾಡಿ ಅಂಗಿನೂ ಹಾಕಿದ್ದೆ, ಒಂದೇ ಗಂಟೆಗೆ ಕಳಚಿ ಬಿಸಾಕಿದಳು. ಸ್ನಾನ ಇಲ್ಲ. ಬೆಳಗ್ಗೆ ಸಂಜೆ ಗಾಯದ ಫೋಟೋ ತೆಗೆದು ಹಿಂದಿನದಕ್ಕೆ ಹೋಲಿಸಿ ನೋಡೋದು, ಬೇರೆ ಬೇರೆ ಫೋಟೋ, ನಿಜವಾದದ್ದು. ಸ್ವಲ್ಪ ಊತ ಇದ್ದರೆ ಪರವಾಗಿಲ್ಲ. ಕೀವು, ವಾಸನೆ, ಒಸಡು ಬಿಳಿಚಿಕೊಳ್ಳೋದು, ಒಂದು ದಿನ ಪೂರ್ತಿ ಊಟ ಬಿಡೋದು, ಇದರಲ್ಲಿ ಯಾವುದಾದರೂ ಆದರೆ ಕಾಯಬೇಡಿ, ಹೊರಡಿ.

ಆರೈಕೆಗೆ ರಜೆ ಇಲ್ಲ ಅಂದರೆ ಆಪರೇಷನ್ ಮುಂದೆ ಹಾಕಿ, ಮದುವೆ ಮುಗಿಸಿ ಬನ್ನಿ. ಬಿಡಲೇಬೇಕು ಅಂದರೆ ರಾತ್ರಿ ಯಾರಿರ್ತಾರೆ ಅಂತ ಕೇಳಿ, ಹಿಂದಿನ ರೂಮು ತೋರಿಸಿ ಅನ್ನಿ, ಫೋಟೋ ಬೇಡ ವೀಡಿಯೋ ಕಾಲ್ ಬೇಕು ಅನ್ನಿ. ದುಡ್ಡು ಅರ್ಧ ಮಾತ್ರ ಮೊದಲು. ಡಿಸ್ಚಾರ್ಜ್ ಆಗೋ ಮೊದಲು ಸ್ಟಾರ್ ಒತ್ತಬೇಡಿ, ನನ್ನ ಹಾಗೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಮ್ಯಾನೇಜರ್ ವಾಟ್ಸಾಪಿನಲ್ಲಿ ಬರೆದದ್ದು: ‘ನೀವು ಒಂದು ದಿನ ಮೊದಲೇ ಕರೆದುಕೊಂಡು ಹೋಗಿದ್ದೀರಿ ಸರ್, ಅದಕ್ಕೆ ನಮ್ಮ ಜವಾಬ್ದಾರಿ ಇಲ್ಲ. ಬೇಕಾದರೆ ಮುಂದಿನ ವ್ಯಾಕ್ಸಿನ್ ಫ್ರೀ ಮಾಡಿಕೊಡುತ್ತೇವೆ, ರಿವ್ಯೂ ಬದಲಾಯಿಸಬೇಡಿ.’ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಮೂರು ಫೋಟೋನೂ ಇಟ್ಟುಕೊಂಡಿದ್ದೇನೆ. ಹಾಲಿನ ಬೂತ್‌ನಿಂದ ಮನೆಗೆ ಬಂದವನೇ ರಿವ್ಯೂ ಒಂದು ಸ್ಟಾರಿಗೆ ಇಳಿಸಿ ನಡೆದದ್ದೆಲ್ಲ ಬರೆದೆ. ಒಂದೇ ಗಂಟೆಯಲ್ಲಿ ಕೆಳಗೆ ಉತ್ತರ ಬಂತು: ‘ಈ ಹೆಸರಿನ ಗ್ರಾಹಕರು ನಮ್ಮಲ್ಲಿಗೆ ಬಂದಿಲ್ಲ.’ ಬಿಲ್ಲಿನ ಫೋಟೋ ಹಾಕಿದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.