ಜ್ಯಾಬಿಕ್ಸೋ ಪ್ರೊಮಿಥಿಯಸ್ಸೋ: 40 ಸರ್ವರ್‌ಗಳ ಮೇಲೆ ಎರಡನ್ನೂ ಓಡಿಸಿ ಕಂಡದ್ದು

ಡಿಸ್ಕ್‌ನಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಆದರೂ ಹೊಸ ಫೈಲ್ ಬರೆಯಲು ಹೋದರೆ ಜಾಗವಿಲ್ಲ ಎನ್ನುತ್ತಿತ್ತು ಸರ್ವರ್. ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಡಿಸ್ಕ್‌ನಲ್ಲಿರುವ ದಾಖಲೆ, ಇವುಗಳ ಸಂಖ್ಯೆಗೆ ಮಿತಿಯಿದೆ) ಮುಗಿದುಹೋಗಿತ್ತು, ಒಂದೇ ಫೋಲ್ಡರಿನಲ್ಲಿ ಲಕ್ಷಾಂತರ ಪುಟ್ಟ ಸೆಷನ್ ಫೈಲ್‌ಗಳು ರಾಶಿ ಬಿದ್ದಿದ್ದವು. ಸರ್ವರ್ ಕಾಯಲು ನಾನು ಬರೆದಿದ್ದ ಸ್ಕ್ರಿಪ್ಟ್ ನೋಡುತ್ತಿದ್ದದ್ದು ಜಾಗದ ಶೇಕಡಾವಾರು ಮಾತ್ರ. ಆ ರಾತ್ರಿಯೇ ಸ್ಕ್ರಿಪ್ಟ್ ಕೈಬಿಟ್ಟು, ಸರ್ವರ್‌ಗಳ ಮೇಲೆ ಕಣ್ಣಿಟ್ಟು ಎಚ್ಚರಿಸುವ ತಂತ್ರಾಂಶಗಳಾದ ಜ್ಯಾಬಿಕ್ಸ್ ಮತ್ತು ಪ್ರೊಮಿಥಿಯಸ್ ಎರಡನ್ನೂ ಮೂರು ತಿಂಗಳು ಒಟ್ಟಿಗೆ ಓಡಿಸಿ ನೋಡಲು ನಿರ್ಧರಿಸಿದೆ.

ಮೊದಲ ವಾರ ಜ್ಯಾಬಿಕ್ಸ್‌ನದೇ ಮೇಲುಗೈ. ಅದರ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ವೆಬ್ ಪುಟ ಎಂದು ಹಾಕಿಕೊಳ್ಳುವ ಕೆಲಸ ಹೆಚ್ಚು, ನಿಜ. ಆದರೆ ಪ್ರತಿ ಯಂತ್ರದಲ್ಲೂ ಏಜೆಂಟ್ (ಲೆಕ್ಕ ಕಳಿಸುವ ಪುಟ್ಟ ತಂತ್ರಾಂಶ) ಹಾಕಿ, ಸಿದ್ಧ ನಿಯಮಗಳ ಲಿನಕ್ಸ್ ಟೆಂಪ್ಲೇಟ್ ಜೋಡಿಸಿದ ಕೂಡಲೇ ಸಿಪಿಯು, ಸ್ವಾಪ್, ಡಿಸ್ಕ್ ಜೊತೆಗೆ ಐನೋಡ್ ಎಚ್ಚರಿಕೆಯೂ ತಯಾರಾಗಿ ಬಂತು. ಪ್ರೊಮಿಥಿಯಸ್ ಪಕ್ಕದಲ್ಲಿ ಯಂತ್ರದ ಲೆಕ್ಕ ಒದಗಿಸುವ ನೋಡ್ ಎಕ್ಸ್‌ಪೋರ್ಟರ್ ಎಂಬ ತಂತ್ರಾಂಶ 9100ನೇ ಪೋರ್ಟ್‌ನಲ್ಲಿ ಅದೇ ಐನೋಡ್ ಲೆಕ್ಕವನ್ನು ಕೊಡುತ್ತಲೇ ಇತ್ತು. ಎಷ್ಟಕ್ಕೆ ಇಳಿದರೆ ಕೂಗಬೇಕು ಎಂಬ ನಿಯಮ ಮಾತ್ರ ನಾನೇ ಬರೆಯಬೇಕಿತ್ತು. ಏನನ್ನು ಕಾಯಬೇಕೆಂದು ಇನ್ನೂ ಗೊತ್ತಿಲ್ಲದವರಿಗೆ ಇದು ದೊಡ್ಡ ವ್ಯತ್ಯಾಸ.

ನಿಯಮ ಬರೆಯಲು ಕುಳಿತ ಮೇಲೆ ನನ್ನ ಒಲವು ತಿರುಗಿತು. ಶೇ. 90 ತುಂಬಿದರೆ ಕೂಗು ಎಂಬ ನಿಯಮದಿಂದ, ವರ್ಷಗಟ್ಟಲೆ ಶೇ. 91ರಲ್ಲೇ ನಿಂತಿರುವ ಬ್ಯಾಕಪ್ ಡಿಸ್ಕ್ ದಿನವೂ ಕೂಗುತ್ತದೆ. ಕಳೆದ 6 ಗಂಟೆಯ ಇಳಿಕೆಯನ್ನು ನೋಡಿ, ಇದೇ ವೇಗದಲ್ಲಿ ಹೋದರೆ 24 ಗಂಟೆಯೊಳಗೆ ಮುಗಿಯುತ್ತದೆಯೇ ಎಂದು ಪ್ರೊಮಿಥಿಯಸ್‌ನಲ್ಲಿ ಒಂದೇ ಸಾಲಿನಲ್ಲಿ ಕೇಳಬಹುದು. ಮುನ್ಸೂಚನೆ ಜ್ಯಾಬಿಕ್ಸ್‌ನಲ್ಲೂ ಇದೆ. ಆದರೆ ಪ್ರೊಮಿಥಿಯಸ್ ನಿಯಮಗಳು ಬರಿ ಪಠ್ಯದ ಫೈಲ್‌ಗಳು, ಹಾಗಾಗಿ ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಕೂರುತ್ತವೆ. ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದು ಸಹೋದ್ಯೋಗಿಗಳಿಗೆಲ್ಲ ಕಾಣುತ್ತದೆ.

ಹಳೆಯ ಲೆಕ್ಕ ಬೇಕಾದಾಗ ಜ್ಯಾಬಿಕ್ಸ್ ವಾಸಿ. ಪ್ರತಿ ಗಂಟೆಯ ಕನಿಷ್ಠ, ಸರಾಸರಿ, ಗರಿಷ್ಠವನ್ನು ಬೇರೆಯಾಗಿಯೇ ಎತ್ತಿಡುತ್ತದೆ. ಹೊಸ ಡಿಸ್ಕ್ ಕೇಳುವಾಗ ವರ್ಷದ ಗ್ರಾಫ್ ತೋರಿಸಬಹುದು. ಪ್ರೊಮಿಥಿಯಸ್ ತಾನಾಗಿ ಇಟ್ಟುಕೊಳ್ಳುವುದು 15 ದಿನದ್ದು ಮಾತ್ರ, ಅವಧಿ ಹೆಚ್ಚಿಸಿಕೊಳ್ಳಬೇಕು. ಫೈರ್‌ವಾಲ್‌ನ ಹಿಂದಿರುವ ಯಂತ್ರಗಳಿಗೂ ಜ್ಯಾಬಿಕ್ಸ್‌ನ ಆಕ್ಟಿವ್ ಏಜೆಂಟ್ ಸಲೀಸು. ಅದು ತಾನೇ ಸರ್ವರ್‌ಗೆ ಕರೆ ಮಾಡಿ ವರದಿ ಒಪ್ಪಿಸುತ್ತದೆ, ಪ್ರೊಮಿಥಿಯಸ್ ಆದರೆ ಸಾಮಾನ್ಯವಾಗಿ ತಾನೇ ಹೋಗಿ ಕೇಳಬೇಕು.

ಒಂದೇ ಸರ್ವರ್‌ನಲ್ಲಿ ಅಪ್ಲಿಕೇಶನ್‌ಗಳನ್ನು ಬೇರೆಬೇರೆಯಾಗಿ ಓಡಿಸುವ ಕಂಟೇನರ್‌ಗಳ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ: ಪ್ರೊಮಿಥಿಯಸ್.

ಈಗ ನಮ್ಮಲ್ಲಿ ಸ್ವಿಚ್, ಯುಪಿಎಸ್, ಹಳೆಯ ಸರ್ವರ್‌ಗಳು ಜ್ಯಾಬಿಕ್ಸ್ ಕೈಯಲ್ಲಿವೆ, ಉಳಿದದ್ದೆಲ್ಲ ಪ್ರೊಮಿಥಿಯಸ್‌ಗೆ. ಆದರೆ ಕಾಯುವ ಯಂತ್ರವೇ ಬಿದ್ದರೆ ಎಚ್ಚರಿಕೆ ಬರುವುದಿಲ್ಲ, ಎಲ್ಲ ಸರಿ ಇದ್ದಾಗಲೂ ಅದೇ ಮೌನ. ಅದಕ್ಕೆ ಸದಾ ಕೂಗುತ್ತಲೇ ಇರುವ ಒಂದು ಎಚ್ಚರಿಕೆ ಇಟ್ಟಿದ್ದೇನೆ. ಹೊರಗಿನ ಒಂದು ಪುಟ್ಟ ಯಂತ್ರಕ್ಕೆ ಅದು 5 ನಿಮಿಷಕ್ಕೊಮ್ಮೆ ತಲುಪಬೇಕು. ತಲುಪದಿದ್ದರೆ ಆ ಯಂತ್ರವೇ ನನ್ನ ಫೋನಿಗೆ ಕರೆ ಮಾಡುತ್ತದೆ.